ಹುಳುವಿನ ಬಣ್ಣ ಬಿಡಿ, ತೊಡೆ ನೋಡಿ

ಪ್ರಶ್ನೆ: ಹೊಲದ ಬದುವಿನ ಎಲಚಿ ಗಿಡಗಳಲ್ಲಿ ಬಿಳಿಬೂದು, ತಿಳಿಹಸಿರು, ಕಪ್ಪು ಹೀಗೆ ಮೂರು ಬಗೆಯ ಸೊಂಡಿಲು ಕೀಟಗಳಿವೆ. ಇವು ಮೂರು ಜಾತಿಗಳೇ? ಪಕ್ಕದ ಬದನೆಗೆ ಅಪಾಯವಿದೆಯೇ? ಎಕ್ಕದ ಕಾಯಿಯೊಳಗೂ ಇಂಥದೇ ಒಂದು ಸಿಕ್ಕಿತು. ಚಿತ್ರಗಳನ್ನು ಕಳುಹಿಸಿದ್ದೇನೆ.
– ಓದುಗರು, ಹಿರಿಯೂರು

ಉತ್ತರ: ಎಕ್ಕದ್ದನ್ನು ಮೊದಲು ಬದಿಗಿಡೋಣ. ಅದರ ಮೂತಿ ಉದ್ದ. ಮರಿಹುಳು ಕಾಯಿಯೊಳಗೇ ಬೀಜ ತಿಂದು ಬೆಳೆಯುತ್ತದೆ. ಎಲಚಿಯವು ಮೊಂಡು ಮೂತಿಯ ಮಿಲ್ಲೋಸೆರಸ್ ಕುಲದವು. ಎಲೆಯ ಅಂಚನ್ನು ಕಚ್ಚು ಕಚ್ಚಾಗಿ ತಿನ್ನುತ್ತವೆ, ಮರಿಗಳು ಮಣ್ಣಿನಲ್ಲಿ ಬೇರು ತಿನ್ನುತ್ತವೆ.

ಬಣ್ಣವನ್ನು ಮಾತ್ರ ನಂಬಬೇಡಿ. ಅದು ಮೈಮೇಲಿನ ಸಣ್ಣ ಹುರುಪೆಗಳದ್ದು. ಉಜ್ಜಿ ಉದುರಿದರೆ ಬೂದು ಹುಳುವೂ ಕಪ್ಪಾಗುತ್ತದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅಂಥದೊಂದಕ್ಕೆ ನಾನು ಬೇರೆ ಜಾತಿಯ ಚೀಟಿ ಅಂಟಿಸಿದ್ದೆ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಸೂರದಡಿ ಅದರ ಕಾಲಿನ ಬುಡದಲ್ಲಿ ಉಳಿದಿದ್ದ ಬಿಳಿ ಹುರುಪೆಗಳನ್ನು ತೋರಿಸಿದಳು. ಚೀಟಿ ಕಿತ್ತೆ. ನಿಮ್ಮ ಕಪ್ಪು ಹುಳುವಿನ ಮೇಲೂ ನನಗೆ ಅದೇ ಗುಮಾನಿ.

ಹಸಿರಿನದು ಈ ಕುಲದ ವಿರಿಡಾನಸ್ ಎಂಬ ಜಾತಿ ಇರಬಹುದು. ಗಾತ್ರದಲ್ಲಿ ಅದು ಚಿಕ್ಕದು. ಬೂದಿನದರ ಮೇಲುರೆಕ್ಕೆಯಲ್ಲಿ ಕಪ್ಪು ಮಚ್ಚೆಗಳಿದ್ದರೆ ಅಂಡೆಸಿಮ್‌ಪಸ್ಟುಲೇಟಸ್ ಆಗಬಹುದು. ಅಕ್ಕಿಕಾಳಿನಷ್ಟು ಹುಳುವಿಗೆ ಗಜದುದ್ದದ ಹೆಸರು! 2000ರಲ್ಲಿ ಇದು ಅಮೆರಿಕದ ಫ್ಲೋರಿಡಾದಲ್ಲೂ ಕಾಣಿಸಿಕೊಂಡು ಅಲ್ಲಿನವರಿಗೆ ತಲೆನೋವಾಗಿದೆ. ಇದರ ಗುರುತು ತೊಡೆಯಲ್ಲಿದೆ: ಮುಂದಿನ ಮತ್ತು ನಡುವಿನ ಕಾಲುಗಳ ತೊಡೆಯಲ್ಲಿ ಎರಡು ಮೊನೆಯ ಮುಳ್ಳು, ಹಿಂದಿನದರಲ್ಲಿ ಮೂರು ಮೊನೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ತೊಡೆಯೂ ಒಂದೇ ತೆರನಾಗಿ ಕಂಡರೆ ಗಂಡುಹುಳುವಿನ ಜನನಾಂಗವನ್ನು ಬಿಡಿಸಿಯೇ ನೋಡಬೇಕು. ಅದು ಪ್ರಯೋಗಾಲಯದ ಕೆಲಸ.

ನಿಮ್ಮ ಚಿತ್ರಗಳೆಲ್ಲ ಬೆನ್ನಿನವು. ಮೂತಿಯೂ ಕಾಲೂ ಕಾಣುವಂತೆ ಪಕ್ಕದಿಂದ ತೆಗೆಯಿರಿ. ಕೈ ತಾಗಿದರೆ ಹುಳು ಕಾಲು ಮಡಚಿ ಸತ್ತಂತೆ ನೆಲಕ್ಕುರುಳುತ್ತದೆ. ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ, ಗಿಡದ ಕೆಳಗೆ ಕೊಡೆಯನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದು ಕೊಂಬೆಯನ್ನು ಕೋಲಿನಿಂದ ತಟ್ಟಿ. ಎಲಚಿ ಮುಳ್ಳಿಗೆ ತಾಗಿ ಹರಿದರೂ ಚಿಂತೆಯಿಲ್ಲದ ಹಳೆಯ ಕೊಡೆಯಾಗಿರಲಿ.

ಬದನೆಗೆ ಅಪಾಯವಿದೆ. ಈ ಕುಲದ ಹಲವು ಹುಳುಗಳು ಬದನೆಯನ್ನೂ ಬಿಡುವುದಿಲ್ಲ. ನೀರಿದ್ದೂ ಗಿಡ ಬಾಡಿದರೆ ಒಂದನ್ನು ಕಿತ್ತು ಬೇರಿನ ಸುತ್ತ ಕಾಲಿಲ್ಲದ ಬಿಳಿ ಮರಿಗಳಿವೆಯೇ ನೋಡಿ. ಎಲಚಿಯನ್ನು ಕಡಿಯಲು ಹೋಗಬೇಡಿ, ಹಣ್ಣು ಹಕ್ಕಿಗಳಿಗೂ ಬೇಕು.