ಹೋಟೆಲಿನ ಹೆಸರಿಗಿಂತ ಹೊತ್ತು ಮುಖ್ಯ

ರಾಯಚೂರಿಂದ ಬೆಂಗಳೂರಿಗೆ ಬಂದು ಮೂರು ತಿಂಗಳಾಯಿತು, ಫೋನಿನಲ್ಲಿ ಹೆಚ್ಚು ಸ್ಟಾರ್ ಇದ್ದ ಹೋಟೆಲುಗಳಿಗೆಲ್ಲ ಹೋಗಿಬಂದೆ, ಒಂದೂ ಮನಸ್ಸಿನಲ್ಲಿ ಉಳಿಯಲಿಲ್ಲ, ನೆನಪಿಡುವಂಥ ಊಟ ತಿಂಡಿ ಇಲ್ಲಿ ಹುಡುಕೋದು ಹೇಗೆ ಅಂತ ಕೇಳಿದ್ದೀರಿ. ನೀವು ಹೋದ ಹೋಟೆಲುಗಳು ಬಹುಶಃ ಒಳ್ಳೆಯವೇ. ಎಷ್ಟು ಹೊತ್ತಿಗೆ ಹೋಗಿದ್ದಿರಿ?

ನಾನು 2006ರಲ್ಲಿ ಚಿತ್ರದುರ್ಗದ ಕಡೆಯಿಂದ ಬಂದವನು. ಪೀಣ್ಯದಲ್ಲಿ ಕೆಲಸ, ಚಾಮರಾಜಪೇಟೆಯಲ್ಲಿ ಮೂವರು ಸೇರಿ ಒಂದು ರೂಮು. ಆಗ ಹೆಸರುವಾಸಿ ಹೋಟೆಲೊಂದಕ್ಕೆ ಭಾನುವಾರ ಹನ್ನೊಂದೂವರೆಗೆ ಹೋಗಿ, ಮುಕ್ಕಾಲು ಗಂಟೆ ಕಾದು, ಮೆತ್ತಗಿನ ದೋಸೆ ತಿಂದು ಬೇಜಾರು ಮಾಡಿಕೊಂಡು ಬಂದಿದ್ದೆ. ಆರು ತಿಂಗಳು ಬಿಟ್ಟು ಒಂದು ಮಂಗಳವಾರ ಬೆಳಗ್ಗೆ ಏಳಕ್ಕೆ ಅಲ್ಲಿಗೇ ಹೋದೆ. ಅದೇ ಕಾವಲಿ, ಅದೇ ಭಟ್ಟರು, ದೋಸೆ ಮಾತ್ರ ಬೇರೆ. ಪ್ರತಿ ಸಲ ಹಿಟ್ಟು ಹುಯ್ದಾಗಲೂ ಕಾವಲಿ ತಣಿಯುತ್ತೆ, ಮತ್ತೆ ಕಾಯೋಕೆ ಸ್ವಲ್ಪ ಹೊತ್ತು ಬೇಕು. ಹೊರಗೆ ನೂರು ಜನ ನಿಂತಿದ್ದರೆ ಯಾವ ಭಟ್ಟರಿಗೂ ಅಷ್ಟು ಪುರುಸೊತ್ತು ಸಿಗೋಲ್ಲ. ಅವತ್ತಿಂದ ನಾನು ಹೋಟೆಲಿನ ಜೊತೆಗೆ ಹೊತ್ತನ್ನೂ ನೆನಪಿಟ್ಟುಕೊಳ್ಳೋಕೆ ಶುರು ಮಾಡಿದೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನಮ್ಮ ರೂಮಿಂದ ನಡೆದುಹೋಗುವಷ್ಟು ದೂರ. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ. ಸಾಂಬಾರ್ ಇಲ್ಲ. ಬೇರೆ ಕಡೆ ಇಡ್ಲಿ ಕೇಳಿದರೆ "ಸಾಂಬಾರ್ ಡಿಪ್ಪಾ, ಬೇರೇನಾ?" ಅಂತಾರೆ, ಇಲ್ಲಿ ಆ ಪ್ರಶ್ನೆಯೇ ಹುಟ್ಟೋಲ್ಲ. ಬೆಳಗ್ಗೆ ಏಳೂವರೆಯೊಳಗೆ ಹೋಗಿ, ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಲ್ಲಿ. ಚಟ್ನಿ ಆಗಷ್ಟೇ ರುಬ್ಬಿದ್ದು, ತೆಳ್ಳಗೆ, ಹಸಿಮೆಣಸಿನಕಾಯಿ ಘಮ ಇನ್ನೂ ಹೋಗಿರೋಲ್ಲ. ಇಡ್ಲಿ ಅದರಲ್ಲಿ ಪೂರ್ತಿ ಮುಳುಗಬೇಕು. ಮುಗಿದರೆ ತಟ್ಟೆ ಚಾಚಿ, ಇನ್ನಷ್ಟು ಹುಯ್ಯುತ್ತಾರೆ. ಕಾಯಿಚಟ್ನಿಯ ರುಚಿ ಗಂಟೆ ಕಳೆದಂತೆ ಇಳಿಯುತ್ತೆ, ಹಾಗಾಗಿ ಸ್ನೇಹಿತರು ಹತ್ತೂವರೆಗೆ ಹೋಗೋಣ ಅಂದರೆ ನಾನು ಒಪ್ಪೋದೇ ಇಲ್ಲ. ಕೊನೆಗೊಂದು ಬೈ ಟು ಕಾಫಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಗ್ಗೆ ಎಲ್ಲರೂ ಹೇಳಿರುತ್ತಾರೆ. 1943ರ ಹೋಟೆಲು. ಅಲ್ಲಿನ ಮಸಾಲೆ ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಸಪ್ಲೈಯರ್ ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ಪೇರಿಸಿಕೊಂಡು ಬರೋದನ್ನು ನೋಡೋಕಾದರೂ ಹೋಗಿ. ಶುಕ್ರವಾರ ರಜೆ.

2011ರಲ್ಲಿ ಅಪ್ಪ ಕಣ್ಣಿನ ಆಪರೇಷನ್ನಿಗೆ ಬಂದಿದ್ದರು. ಪಟ್ಟಿ ಬಿಚ್ಚಿದ ಮಾರನೇ ದಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಕರೆದುಕೊಂಡು ಹೋದೆ. 1924ರ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳುತ್ತಾರೆ. ಗೋಡಂಬಿ ಇಟ್ಟ ರವೆ ಇಡ್ಲಿ, ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ಅಪ್ಪ ಮೊದಲು ಆ ತಟ್ಟೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ರವೆಗೆ ಉಪ್ಪಿಟ್ಟು ಬಿಟ್ಟು ಬೇರೆ ಬಾಳ್ವೆ ಇದೆ ಅಂತ ನಂಗೊತ್ತಿರಲಿಲ್ಲ ಕಣೋ" ಅಂದರು. ತಣ್ಣಗಾದರೆ ರವೆ ಇಡ್ಲಿ ಬಿಗಿಯಾಗುತ್ತೆ, ಬಿಸಿಯಿರುವಾಗಲೇ ತುಪ್ಪ ಸುರಿದುಕೊಳ್ಳಿ. ಇಲ್ಲಿ ಸೋಮವಾರ ರಜೆ.

ಮಾಂಸ ತಿನ್ನುವವರಾದರೆ ಮಿಲಿಟರಿ ಹೋಟೆಲುಗಳನ್ನು ಬಿಡಬೇಡಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ಹೈದರಾಬಾದಿನ ಬಿರಿಯಾನಿಯ ಹಾಗಲ್ಲ. ಸಣ್ಣಕ್ಕಿ, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿಯ ಹಸಿರು ಬಣ್ಣ. ಬಿಸಿ ಅನ್ನ ಬಿದ್ದ ಕೂಡಲೇ ದೊನ್ನೆಯ ಎಲೆ ಬೆಚ್ಚಗಾಗಿ ಒಂದು ವಾಸನೆ ಬಿಡುತ್ತೆ, ಅರ್ಧ ರುಚಿ ಅದರಲ್ಲೇ ಇದೆ. ಪಾರ್ಸೆಲ್ ತಂದು ಮನೆಯಲ್ಲಿ ಬಿಚ್ಚಿದರೆ ಅದು ಸಿಗೋಲ್ಲ, ದಯವಿಟ್ಟು ಅಲ್ಲೇ ತಿನ್ನಿ. ಮಧ್ಯಾಹ್ನ ತಡಮಾಡಿದರೆ ಖಾಲಿಯಾಗಿರಬಹುದು, ಹನ್ನೆರಡರ ಹೊತ್ತಿಗೆ ಹೋಗೋದು ಒಳ್ಳೆಯದು.

ಸಂಜೆ ನಾಲ್ಕು, ನಾಲ್ಕೂವರೆ ಅಯ್ಯಂಗಾರ್ ಬೇಕರಿಯ ಹೊತ್ತು. ಈ ಬೇಕರಿಯವರಲ್ಲಿ ಬಹಳ ಜನ ಹಾಸನದ ಕಡೆಯವರು. ದೊಡ್ಡ ಹೆಸರಿನದೇ ಆಗಬೇಕಿಲ್ಲ, ನಿಮ್ಮ ಬೀದಿಯಲ್ಲಿರುವುದೇ ಸಾಕು. ಖಾರಾ ಬನ್ ಒಲೆಯಿಂದ ಯಾವಾಗ ಇಳಿಯುತ್ತೆ ಅಂತ ಒಂದು ದಿನ ಕೇಳಿಟ್ಟುಕೊಳ್ಳಿ, ಸಂಕೋಚ ಬೇಡ, ಸಂತೋಷದಿಂದ ಹೇಳುತ್ತಾರೆ.

ದಿನದ ಹೊತ್ತಿನ ಹಾಗೇ ವರ್ಷದ ಹೊತ್ತೂ ಇದೆ. ಜನವರಿಯ ಸುಮಾರಿಗೆ ಇಲ್ಲಿ ಅವರೆಬೇಳೆ ಮೇಳ ನಡೆಯುತ್ತೆ. ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು ಸಿಕ್ಕ ಕಡೆಯೆಲ್ಲ ತಿನ್ನಿ. ಬೇಸಿಗೆಯಲ್ಲಿ ಅದನ್ನು ಹುಡುಕಿಕೊಂಡು ಅಲೆಯಬೇಡಿ.

ಕೊನೆಗೆ, ನೀವು ರಾಯಚೂರಿನವರು, ಜೋಳದ ರೊಟ್ಟಿ ವಿಷಯದಲ್ಲಿ ನಿಮಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಆದರೂ ಈ ಊರಿನಲ್ಲಿ ಕಲಿತದ್ದೊಂದಿದೆ. ಖಾನಾವಳಿ ಬೋರ್ಡು ಈಗ ಎಲ್ಲಾ ಬಡಾವಣೆಯಲ್ಲೂ ಕಾಣುತ್ತೆ. ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲಲ್ಲಿ ಅರೆಕ್ಷಣ ನಿಂತು ಕಿವಿಗೊಡಿ. ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳಿಸಿದರೆ ಕೈ ತೊಳೆದು ಕೂತುಬಿಡಿ, ಎಣ್ಣೆಗಾಯಿ ಹೇಳಿ. ಕೇಳಿಸದಿದ್ದರೆ ಮುಂದಿನ ಖಾನಾವಳಿಗೆ ನಡೆಯಿರಿ.