ಗವೇನ್ ಕಥೆಯನ್ನು ಮಕ್ಕಳಿಗೆ ಬರೆಯುವಾಗ ಮುತ್ತಿಡುವ ಪ್ರಸಂಗ ಬಿಡಬಹುದೇ?

ನಿಮ್ಮ ಪ್ರಶ್ನೆ ಎರಡು. ಗವೇನ್ ಮತ್ತು ಹಸಿರು ಸರದಾರನ ಕಥೆಯನ್ನು ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗೆ ಕನ್ನಡದಲ್ಲಿ ಬರೆಯುವಾಗ ತಲೆ ಕಡಿಯುವ ದೃಶ್ಯ ಇರಬಹುದೇ? ಕೋಟೆಯ ಒಡತಿ ಗವೇನನಿಗೆ ಮುತ್ತಿಡುವ ಭಾಗ ತೆಗೆಯಬಹುದೇ? ತಲೆ ಕಡಿಯುವುದು ಇರಲಿ. ಆದರೆ ಮುತ್ತು ತೆಗೆದರೆ ಕಥೆಯೇ ಕುಸಿಯುತ್ತದೆ.

ಕಥೆ ಇಷ್ಟು: ಆರ್ಥರ್ ರಾಜನ ಆಸ್ಥಾನಕ್ಕೆ ಬಂದ ಹಸಿರು ಸರದಾರ 'ನನಗೊಂದು ಏಟು ಕೊಡಿ, ವರ್ಷದ ನಂತರ ಅದೇ ಏಟು ನನ್ನಿಂದ ತಿನ್ನಿ' ಎಂದು ಸವಾಲು ಹಾಕುತ್ತಾನೆ. ಗವೇನ್ ಅವನ ತಲೆ ಕಡಿಯುತ್ತಾನೆ, ಮಾತಿನಂತೆ ಹಸಿರು ಚಾಪೆಲ್ (ಚಿಕ್ಕ ಪ್ರಾರ್ಥನಾಲಯ) ಹುಡುಕಿ ಹೊರಡುತ್ತಾನೆ, ದಾರಿಯಲ್ಲಿ ಒಂದು ಕೋಟೆಯಲ್ಲಿ ತಂಗುತ್ತಾನೆ. ಇದು 14ನೇ ಶತಮಾನದ ಕೊನೆಯಲ್ಲಿ ಬಂದ ಇಂಗ್ಲಿಷ್ ಕಾವ್ಯ. 2530 ಸಾಲು, ನಾಲ್ಕು ಭಾಗ. ಮೂರನೆಯದೇ ಎಲ್ಲಕ್ಕಿಂತ ಉದ್ದ, 872 ಸಾಲು. ಮಕ್ಕಳ ಆವೃತ್ತಿ ಮಾಡುವವರ ಕತ್ತರಿ ಸಾಮಾನ್ಯವಾಗಿ ಬೀಳುವುದೂ ಅಲ್ಲಿಗೇ. ಅಲ್ಲಿ ನಡೆಯುವುದು ಒಂದು ಪಂದ್ಯ. 'ನಾನು ಕಾಡಿನಲ್ಲಿ ಗಳಿಸಿದ್ದು ಸಂಜೆ ನಿನಗೆ, ನೀನು ಮನೆಯಲ್ಲಿ ಗಳಿಸಿದ್ದು ನನಗೆ' ಎಂದು ಕೋಟೆಯ ಒಡೆಯ ಗವೇನನ ಮುಂದೆ ಮಾತಿಡುತ್ತಾನೆ. ಮೊದಲ ದಿನ ಅವನು ಜಿಂಕೆಗಳನ್ನು ತರುತ್ತಾನೆ, ಗವೇನ್ ಒಂದು ಮುತ್ತು ಒಪ್ಪಿಸುತ್ತಾನೆ. ಎರಡನೆಯ ದಿನ ಕಾಡುಹಂದಿ, ಎರಡು ಮುತ್ತು. ಮೂರನೆಯ ದಿನ ನರಿಯ ತೊಗಲು, ಮೂರು ಮುತ್ತು. ಆದರೆ ಆ ದಿನ ಒಡತಿ ಹಸಿರು ರೇಷ್ಮೆಯ ನಡುಪಟ್ಟಿಯನ್ನೂ ಕೊಟ್ಟಿರುತ್ತಾಳೆ. ಅದನ್ನು ಕಟ್ಟಿಕೊಂಡವನನ್ನು ಯಾರೂ ಕೊಲ್ಲಲಾಗದು ಎಂಬ ಮಾತಿನೊಂದಿಗೆ. ಗವೇನ್ ಅದನ್ನು ಬಚ್ಚಿಡುತ್ತಾನೆ.

ಕೊನೆಯ ಭಾಗದಲ್ಲಿ ಬೀಳುವ ಮೂರು ಕೊಡಲಿ ಏಟುಗಳಿಗೆ ಈ ಮೂರು ದಿನಗಳೇ ಲೆಕ್ಕ. ಮೊದಲ ಏಟಿಗೆ ಗವೇನ್ ಭುಜ ಕುಗ್ಗಿಸುತ್ತಾನೆ, ಹಸಿರು ಸರದಾರ ಗದರಿ ಕೊಡಲಿ ತಡೆಯುತ್ತಾನೆ. ಎರಡನೆಯದಕ್ಕೆ ಗವೇನ್ ಅಲುಗುವುದಿಲ್ಲ, ಕೊಡಲಿಯೂ ತಾಗುವುದಿಲ್ಲ. ಮೂರನೆಯದು ಕತ್ತಿನ ಚರ್ಮ ಕೊಯ್ಯುತ್ತದೆ, ಅಷ್ಟೆ. ಎರಡು ದಿನ ಪಂದ್ಯ ಪಾಲಿಸಿದ್ದಕ್ಕೆ ಎರಡು ಹುಸಿ ಏಟು, ಮೂರನೆಯ ದಿನ ಮುಚ್ಚಿಟ್ಟಿದ್ದಕ್ಕೆ ಆ ಗಾಯ. ಕೋಟೆಯ ಒಡೆಯನೇ ಹಸಿರು ಸರದಾರ ಎಂಬುದು ಬಯಲಾಗುವುದೂ ಅಲ್ಲೇ. ಪಂದ್ಯವನ್ನು ತೆಗೆದ ಆವೃತ್ತಿಯಲ್ಲಿ ಮಗು 'ಕತ್ತಿಗೆ ಯಾಕೆ ಗಾಯ ಆಯ್ತು?' ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಬದಲಿಸಬೇಕಾದದ್ದು ಜಾಗ. ಮೂಲದಲ್ಲಿ ಒಡತಿ ಬೆಳಗ್ಗೆ ಗವೇನನ ಹಾಸಿಗೆಯ ಬಳಿಗೇ ಬರುತ್ತಾಳೆ. ಅದನ್ನು ಅಗ್ಗಿಷ್ಟಿಕೆಯ ಮುಂದಕ್ಕೆ ತನ್ನಿ, ಮುತ್ತು ಕೆನ್ನೆಗೆ ಸಾಕು. ಇಕ್ಕಟ್ಟು ಮಾತ್ರ ಉಳಿಯಲಿ: ಅತಿಥಿಯಾದವನು ಮನೆಯೊಡತಿಗೆ ಒರಟಾಗಿ 'ಇಲ್ಲ' ಅನ್ನುವಂತಿಲ್ಲ, ಅನ್ನ ಹಾಕಿದವನಿಗೆ ದ್ರೋಹ ಬಗೆಯುವಂತೆಯೂ ಇಲ್ಲ. ಸಂಜೆ ಗವೇನ್ ಗಡ್ಡದ ಒಡೆಯನಿಗೆ ಮುತ್ತು ಕೊಡುವುದು ಮೂಲದಲ್ಲೇ ತಮಾಷೆಯಾಗಿದೆ, ಮಕ್ಕಳು ನಗಲಿ. ಇನ್ನೊಂದು ಸೂಕ್ಷ್ಮವನ್ನು ಬಿಡಬೇಡಿ. ಮೊದಲೆರಡು ಸಂಜೆ ಒಡೆಯನೇ ಮೊದಲು ಕೊಡುತ್ತಾನೆ. ಮೂರನೆಯ ಸಂಜೆ ಗವೇನ್ ತಾನೇ ಮುಂದೆ ಬಂದು ಮುತ್ತು ಕೊಟ್ಟು ಮುಗಿಸುತ್ತಾನೆ. ಬಚ್ಚಿಟ್ಟವನ ಅವಸರ! ವಿವರಣೆ ಕೊಡದೆ ಬರೆದರೆ ಚುರುಕಾದ ಮಗು ತಾನೇ ಹಿಡಿಯುತ್ತದೆ.

ಈಗ ತಲೆ. ಕಡಿದ ತಲೆ ನೆಲದಲ್ಲಿ ಉರುಳುತ್ತದೆ, ಊಟಕ್ಕೆ ಕೂತವರು ಕಾಲಲ್ಲಿ ಒದೆಯುತ್ತಾರೆ, ಮುಂಡ ಬೀಳದೆ ನಡೆದುಬಂದು ಅದನ್ನೆತ್ತಿಕೊಂಡು ಕುದುರೆ ಹತ್ತುತ್ತದೆ. ಆಮೇಲೆ ತಲೆ ಕಣ್ಣು ಬಿಟ್ಟು ಮಾತಾಡುತ್ತದೆ. ರಕ್ತಕ್ಕೆ ಅರ್ಧ ವಾಕ್ಯ ಸಾಕು, ಉಳಿದದ್ದಕ್ಕೆ ಪೂರ್ತಿ ಪುಟ ಕೊಡಿ. ನಿಜವಾದ ಭಯ ಬೇರೆ ಕಡೆ ಇದೆ. ಹಸಿರು ಚಾಪೆಲ್ ಎಂದು ಹುಡುಕಿ ಬಂದರೆ ಸಿಗುವುದು ಹುಲ್ಲು ಬೆಳೆದ ಟೊಳ್ಳು ದಿಬ್ಬ. ಯಾರೂ ಕಾಣುವುದಿಲ್ಲ, ಹಳ್ಳದಾಚೆಯಿಂದ ಸಾಣೆಕಲ್ಲಿಗೆ ಕೊಡಲಿ ಹಿಡಿದ ಸದ್ದು ಮಾತ್ರ ಕೇಳುತ್ತದೆ. ಇಲ್ಲಿ ವಾಕ್ಯ ಚಿಕ್ಕದಿರಲಿ, ಹಸಿರು ಸರದಾರ ತಡವಾಗಿ ಕಾಣಿಸಿಕೊಳ್ಳಲಿ.

ಪ್ರಯಾಣವನ್ನು ಹಿಗ್ಗಿಸುವ ಆಸೆ ಬಂದೇ ಬರುತ್ತದೆ. ಡ್ರ್ಯಾಗನ್, ತೋಳ, ಕರಡಿ, ರಾಕ್ಷಸ ಎಲ್ಲವನ್ನೂ ಕವಿ ಕೆಲವೇ ಸಾಲಿನಲ್ಲಿ ಮುಗಿಸಿ, ಅದಕ್ಕಿಂತ ಚಳಿಯೇ ಘೋರವಾಗಿತ್ತು ಅನ್ನುತ್ತಾನೆ. ಉತ್ತರ ವೇಲ್ಸ್, ಇಂಗ್ಲೆಂಡಿನ ವಿರಲ್ ಕಾಡು ದಾಟಿ ಹೋಗುವ ದಾರಿಯಲ್ಲಿ ಗವೇನ್ ಕವಚ ತೊಟ್ಟೇ ಬಂಡೆಗಳ ನಡುವೆ ಮಲಗುತ್ತಾನೆ, ತಲೆಯ ಮೇಲೆ ನೀರು ಹೆಪ್ಪುಗಟ್ಟಿ ಕಡ್ಡಿಗಳಾಗಿ ಜೋತಿರುತ್ತದೆ. ಹಿಮ ಕಾಣದ ಮಕ್ಕಳಿಗೆ ಇದೇ ಹೊಸತು.

ಹೆಸರುಗಳಲ್ಲಿ ಎಡವುವುದು ಸುಲಭ. 'ಹಸಿರು ನೈಟ್' ಅಂದರೆ ನೈಟ್ ಡ್ಯೂಟಿ ನೆನಪಾಗುತ್ತದೆ, 'ಸರ್ ಗವೇನ್' ಅಂದರೆ ಗಣಿತದ ಮೇಷ್ಟ್ರು. ಸರದಾರ ಅನ್ನಿ, 'ಸರ್' ಬಿಡಿ. ಹಸಿರು ಸರದಾರ ಕೈಯಲ್ಲಿ ಹಿಡಿದು ಬರುವ ಹಾಲಿ (holly) ಕೊಂಬೆ ನಮ್ಮಲ್ಲಿ ಹಾಲಿ ಶಾಸಕರ ಪಕ್ಕ ಹೋಗಿ ನಿಲ್ಲುತ್ತದೆ. 'ಚಳಿಗಾಲದಲ್ಲೂ ಎಲೆ ಉದುರದ ಮುಳ್ಳೆಲೆಯ ಕೊಂಬೆ' ಎಂದು ಬಿಡಿಸಿ ಹೇಳಿ. ನಡುಪಟ್ಟಿಯನ್ನು ಉಡಿದಾರ ಅಥವಾ ಡಾಬು ಮಾಡಬೇಡಿ. ಕೊನೆಗೆ ಗವೇನ್ ಅದನ್ನು ಹೆಗಲಿನಿಂದ ಓರೆಯಾಗಿ ಧರಿಸುತ್ತಾನೆ, ಬಟ್ಟೆಯಾಗಿರದಿದ್ದರೆ ಚಿತ್ರ ಬರೆಯುವವರು ದಾರಿ ತಪ್ಪುತ್ತಾರೆ.

ಗವೇನನ ಗುರಾಣಿಯ ಐದು ಮೂಲೆಯ ಚಿನ್ನದ ನಕ್ಷತ್ರವನ್ನು ಪುಸ್ತಕದಲ್ಲಿ ಬಿಡಿಸಿ ತೋರಿಸಿ: ಕೈಯೆತ್ತದೆ ಎಳೆಯುವ ಒಂದೇ ಗೆರೆ. ಕವಿ ಅದಕ್ಕೆ ಐದೈದರ ಐದು ಗುಂಪು ಜೋಡಿಸುತ್ತಾನೆ. ಮಕ್ಕಳಿಗೆ ಗುಣಗಳ ಗುಂಪು ಒಂದೇ ಸಾಕು: ಔದಾರ್ಯ, ಸ್ನೇಹ, ಶುಚಿತ್ವ, ಸೌಜನ್ಯ, ಕರುಣೆ.

ಅಳತೆ ಹೇಳುವುದಾದರೆ ಆರು ಅಧ್ಯಾಯ, ಒಂದೊಂದಕ್ಕೆ 700-900 ಪದ. ಮೂರು ದಿನದ ಪಂದ್ಯಕ್ಕೆ ಅದರಲ್ಲಿ ಎರಡು. ಮೂಲದಲ್ಲಿ ಪ್ರತಿ ಪದ್ಯವೂ ಒಂದು ತುಂಡು ಸಾಲು, ನಂತರ ನಾಲ್ಕು ಪ್ರಾಸದ ಸಾಲುಗಳಲ್ಲಿ ಮುಗಿಯುತ್ತದೆ. ಅಧ್ಯಾಯದ ಕೊನೆಗೊಂದು ಚುಟುಕ ಇಟ್ಟರೆ ಅದೇ ರುಚಿ ಬರುತ್ತದೆ. ಹಸಿರು ಸರದಾರನನ್ನು ಮಾಟದಿಂದ ಕಳಿಸಿದ ಮಾರ್ಗನ್ ಮಾಟಗಾತಿಗೆ ಒಂದೆರಡು ವಾಕ್ಯ ಸಾಕು, ಆದರೆ ಕೋಟೆಯ ಊಟದ ಮೇಜಿನಲ್ಲಿ ಮುದುಕಿಯಾಗಿ ಅವಳನ್ನು ಮೊದಲೇ ಕೂರಿಸಿಡಿ.

ಹಕ್ಕಿನ ಬಗ್ಗೆ ಎಚ್ಚರ: ಮೂಲ ಕಾವ್ಯ ಎಲ್ಲರದು, ಆದರೆ ಈಚಿನ ಇಂಗ್ಲಿಷ್ ಅನುವಾದಗಳು ಹಾಗಲ್ಲ. ಭಾರತದಲ್ಲಿ ಅನುವಾದಕರು ತೀರಿಕೊಂಡ 60 ವರ್ಷದವರೆಗೂ ಹಕ್ಕು ಇರುತ್ತದೆ. ಜೆಸ್ಸಿ ವೆಸ್ಟನ್ 1898ರಲ್ಲಿ ಪ್ರಕಟಿಸಿದ ಗದ್ಯಾನುವಾದಕ್ಕೆ ಆ ತೊಡಕಿಲ್ಲ, ಅವರು ತೀರಿಕೊಂಡದ್ದು 1928ರಲ್ಲಿ.