ಸಮವಸ್ತ್ರದ ಕಡ್ಡಾಯ ಯಾರಿಗೆ?

ಪ್ರಶ್ನೆ: ನಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಮುಂದಿನ ವರ್ಷದಿಂದ ಸಮವಸ್ತ್ರವನ್ನು ಕಡ್ಡಾಯಗೊಳಿಸುವ ಪ್ರಸ್ತಾಪ ಪೋಷಕರ ಸಭೆಗೆ ಬಂದಿದೆ. ಶಿಸ್ತು ಬರುತ್ತದೆ, ಓದು ಸುಧಾರಿಸುತ್ತದೆ, ಬಡವ ಬಲ್ಲಿದ ಎಂಬ ಭೇದ ಅಳಿಯುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಮನೆಗೆ ಹೊಸ ಖರ್ಚು ಬೀಳುತ್ತದೆ ಎಂದು ಉಳಿದವರು ವಿರೋಧಿಸುತ್ತಿದ್ದಾರೆ. ನಾವು ಏನು ತೀರ್ಮಾನಿಸಬೇಕು?
– ಒಬ್ಬ ಪೋಷಕರು

ಉತ್ತರ: ನೀವು ತಿಳಿಸಿರುವ ಮೂರು ಕಾರಣಗಳಲ್ಲಿ ಮೊದಲ ಎರಡನ್ನು ನಾನು ನೆಚ್ಚುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಗ್ ಬೀಚ್ ನಗರದ ಶಾಲಾ ಆಡಳಿತವು 1994ರಲ್ಲಿ ಕೆಳಗಿನ ತರಗತಿಗಳ ಮಕ್ಕಳಿಗೆ ಸಮವಸ್ತ್ರವನ್ನು ಕಡ್ಡಾಯಗೊಳಿಸಿದ ಮೇಲೆ ಶಾಲೆಗಳಲ್ಲಿ ಹೊಡೆದಾಟಗಳು ತಗ್ಗಿದವೆಂದು ವರದಿ ಮಾಡಿತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಸಮವಸ್ತ್ರದ ಪರವಾಗಿ ಮಾತನಾಡಿದ್ದರಿಂದ ಆ ನಂಬಿಕೆಗೆ ಮತ್ತಷ್ಟು ಬಲ ಬಂತು. ಆದರೆ ಅಲ್ಲಿ ಅದೇ ಅವಧಿಯಲ್ಲಿ ಬೇರೆ ಸುಧಾರಣೆಗಳೂ ಜಾರಿಯಾಗಿದ್ದವು. 1998ರಲ್ಲಿ ಡೇವಿಡ್ ಬ್ರುನ್ಸ್ಮಾ ಮತ್ತು ಕೆರಿ ಆನ್ ರಾಕ್‌ಕ್ವೆಮೋರ್ ಎಂಬ ಸಮಾಜಶಾಸ್ತ್ರಜ್ಞರು ಹತ್ತನೇ ತರಗತಿಯ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಮಾಹಿತಿಯನ್ನು ಪರಿಶೀಲಿಸಿದಾಗ ಹಾಜರಾತಿಯ ಮೇಲಾಗಲಿ ನಡವಳಿಕೆಯ ಮೇಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ; ಕಲಿಕೆಯೂ ಸುಧಾರಿಸಿರಲಿಲ್ಲ.

ಮೂರನೆಯ ಕಾರಣ ಮಾತ್ರ ಗಂಭೀರವಾದದ್ದು. ಅಂಗಿಯ ಬಣ್ಣ ಒಂದೇ ಆದ ಮಾತ್ರಕ್ಕೆ ಭೇದ ಅಳಿಯುವುದಿಲ್ಲ, ಏಕೆಂದರೆ ಮಕ್ಕಳ ಕಣ್ಣು ಬೂಟು, ಚೀಲ, ಬಣ್ಣ ಮಾಸಿದ ಕಾಲರುಗಳನ್ನು ಕೂಡಲೇ ಗುರುತಿಸುತ್ತದೆ. ಆದರೂ ದಿನಕ್ಕೊಂದು ಒಳ್ಳೆಯ ಉಡುಪನ್ನು ಹೊಂದಿಸಲಾಗದ ಮನೆಯವರಿಗೆ, ಇದ್ದ ಎರಡೇ ಜೊತೆ ಬಟ್ಟೆಯನ್ನು ಒಗೆದು ಉಡಿಸಿದರೂ ಯಾರೂ ಆಡಿಕೊಳ್ಳುವುದಿಲ್ಲ ಎಂಬ ನೆಮ್ಮದಿ ಸಣ್ಣದಲ್ಲ. ಆ ನೆಮ್ಮದಿ ದೊರೆಯುವುದು ಬಟ್ಟೆ ಕೈಗೆಟುಕಿದಾಗ ಮಾತ್ರ. ಗೊತ್ತುಪಡಿಸಿದ ಒಂದೇ ಅಂಗಡಿಯಲ್ಲಿ, ಶಾಲೆಯ ಲಾಂಛನ ಹೊಲಿದ ದುಬಾರಿ ಬಟ್ಟೆಯನ್ನೇ ಕೊಳ್ಳಬೇಕೆಂದಾದರೆ, ಬಡವರ ಹೆಸರಿನಲ್ಲಿ ಮಾಡಿದ ನಿಯಮ ಬಡವರ ಮೇಲೆಯೇ ಭಾರವಾಗುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಸಮವಸ್ತ್ರದ ವೆಚ್ಚವನ್ನು ತಗ್ಗಿಸಲೆಂದೇ 2021ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಕೀನ್ಯಾದಲ್ಲಿ ಬಡ ಮಕ್ಕಳಿಗೆ ಉಚಿತವಾಗಿ ಸಮವಸ್ತ್ರ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಗೈರುಹಾಜರಿ ತಗ್ಗಿತು. ಮೊದಲು ಸಮವಸ್ತ್ರವೇ ಇಲ್ಲದಿದ್ದ ಮಕ್ಕಳಲ್ಲಿ ಅದು ಇನ್ನೂ ಹೆಚ್ಚಾಗಿ ತಗ್ಗಿತು.

ಆದ್ದರಿಂದ ಕಡ್ಡಾಯ ಎಂಬುದು ಮೊದಲು ಶಾಲೆಗೆ ಅನ್ವಯವಾಗಲಿ, ಮಗುವಿಗೆ ಆಮೇಲೆ. ಕೊಳ್ಳಲಾಗದವರಿಗೆ ಶಾಲೆಯೇ ಬಟ್ಟೆ ಒದಗಿಸುವ ವ್ಯವಸ್ಥೆಯಾದ ನಂತರವೇ ನಿಯಮ ಜಾರಿಗೆ ಬರಬೇಕು. ಕ್ಯಾಲಿಫೋರ್ನಿಯಾದ ಕಾನೂನು ಪೋಷಕರಿಗೆ ಆರು ತಿಂಗಳು ಮುಂಚಿತವಾಗಿ ತಿಳಿಸಬೇಕು, ಬಡ ವಿದ್ಯಾರ್ಥಿಗಳಿಗೆ ನೆರವು ಸಿಗಬೇಕು, ಬೇಡವೆನ್ನುವ ಪೋಷಕರಿಗೆ ವಿನಾಯಿತಿ ಇರಬೇಕು ಎಂದು ವಿಧಿಸುತ್ತದೆ. ಈ ಮೂರನ್ನೂ ನೀವು ಹಾಗೆಯೇ ತೆಗೆದುಕೊಳ್ಳಬಹುದು. ಬಟ್ಟೆ ಯಾವುದೇ ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿ, ಆಟಕ್ಕೂ ಹವೆಗೂ ಒಗ್ಗುವಂತಿರಲಿ, ಹೆಣ್ಣುಮಕ್ಕಳಿಗೆ ಪ್ಯಾಂಟಿನ ಆಯ್ಕೆಯೂ ಇರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಸಮವಸ್ತ್ರವಿಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಹೊರಗೆ ನಿಲ್ಲಿಸಬಾರದು, ಮನೆಗೂ ಕಳುಹಿಸಬಾರದು. ಆ ದಿನದ ಪಾಠ ಹೋದರೆ ಅದನ್ನು ಯಾವ ಶಿಸ್ತೂ ತುಂಬಿಕೊಡುವುದಿಲ್ಲ. ಈ ಒಂದು ವಾಕ್ಯವನ್ನು ಸಭೆಯ ಠರಾವಿನಲ್ಲೇ ಬರೆಸಿ. ಅದಕ್ಕೆ ಶಾಲೆ ಒಪ್ಪದಿದ್ದರೆ ನೀವು ಪ್ರಸ್ತಾಪವನ್ನು ವಿರೋಧಿಸುವುದೇ ಸರಿ.